ಹೊಂಡದಲ್ಲಿರುವ ಹುಳ ಕಚ್ಚುತ್ತದೆಯೇ? ಬೆನ್ನೀಜು ಹುಳ, ದೋಣಿ ಹುಳ ಗುರುತಿಸುವುದು ಹೇಗೆ

‘ಹೊಂಡದಾಗ ಸಣ್ಣ ಸಣ್ಣ ಹುಳ ತುಂಬ್ಯಾವ್ರಿ. ಕಡೀತಾವೇನು? ಎಣ್ಣಿ ಹೊಡೀಬೇಕೇನು?’

ಮಳೆಗಾಲ ಮುಗಿಯುವ ಹೊತ್ತಿಗೆ ಆಳಂದ, ಹುಮನಾಬಾದ್, ಶಹಾಪುರದ ಕಡೆಯ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಪ್ರಶ್ನೆಯ ಜೊತೆ ಒಂದು ಫೋಟೊ ಇರುತ್ತದೆ. ಮೇಲಿಂದ ತೆಗೆದದ್ದು, ಮಸುಕು. ಅದರಲ್ಲಿ ಒಂದು ಚುಕ್ಕೆ, ಎರಡು ಕಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಿಂಗಾಲುಗಳನ್ನು ಹುಟ್ಟಿನಂತೆ ಬೀಸಿ ಈಜುವ ಈ ಹುಳಗಳು ಹೆಚ್ಚಾಗಿ ಎರಡು ಗುಂಪಿನವು. ಒಂದನ್ನು ಇಂಗ್ಲಿಷಿನಲ್ಲಿ ಬ್ಯಾಕ್‌ಸ್ವಿಮರ್ ಅನ್ನುತ್ತಾರೆ, ಈ ಲೇಖನದಲ್ಲಿ ಬೆನ್ನೀಜು ಹುಳ ಎಂದು ಕರೆಯೋಣ. ಇನ್ನೊಂದು ವಾಟರ್ ಬೋಟ್‌ಮನ್, ಅಂದರೆ ದೋಣಿ ಹುಳ. ಬೆನ್ನೀಜು ಹುಳ ಬೇಟೆಗಾರ, ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ. ದೋಣಿ ಹುಳ ಹೆಚ್ಚಾಗಿ ಪಾಚಿ, ಕೊಳೆತ ಕಸ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದುಕೊಂಡಿರುತ್ತದೆ. ಮನುಷ್ಯರನ್ನು ಕಚ್ಚುವುದಿಲ್ಲ. ಎರಡಕ್ಕೂ ಎಣ್ಣಿ ಹೊಡೆಯುವ ಅಗತ್ಯವಿಲ್ಲ. ಒಂದೇ ಒಂದು ಸಂದರ್ಭ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಆದರೆ ನಿಮ್ಮ ಹೊಂಡದಲ್ಲಿರುವುದು ಯಾವುದು ಅಂತ ನೀವೇ ನೋಡಿ ತಿಳಿಯಬೇಕು. ಕಷ್ಟವೇನಿಲ್ಲ. ಒಂದೇ ಗುರುತು ನೋಡಿ ತೀರ್ಮಾನ ಮಾಡದಿದ್ದರೆ ಸಾಕು. ಕನಿಷ್ಠ ಮೂರು ಗುರುತು ಒಂದೇ ಕಡೆ ಬೊಟ್ಟು ಮಾಡಬೇಕು.

ಬೇಕಾದ ಸಾಮಾನು

ಪೇಟೆಗೆ ಹೋಗಬೇಕಾಗಿಲ್ಲ. ಚಹಾ ಸೋಸುವ ದೊಡ್ಡ ಜಾಳಿಗೆ, ಅದನ್ನು ಕಟ್ಟಲು ಒಂದು ಬಿದಿರಿನ ಕೋಲು. ಬಿಳಿ ಪ್ಲಾಸ್ಟಿಕ್ ಬೇಸನ್. ಎರಡೂ ಬದಿಯಿಂದ ಸ್ಪಷ್ಟವಾಗಿ ಕಾಣುವ ಗಾಜಿನ ಬಾಟಲಿ, ಉಪ್ಪಿನಕಾಯಿಯದ್ದಾದರೆ ಚೆನ್ನಾಗಿ ತೊಳೆದಿರಬೇಕು. ಎಣ್ಣೆ ಜಿಡ್ಡು, ಸಾಬೂನು ಉಳಿದಿದ್ದರೆ ಹುಳ ಸಾಯುತ್ತದೆ. ಒಂದು ಚಮಚೆ. ಮಕ್ಕಳ ಗ್ರಾಫ್ ಹಾಳೆ, ಅದರ ಸಣ್ಣ ಚೌಕ 1 ಮಿ.ಮೀ. ಇರುವುದರಿಂದ ಅಳತೆಗೆ ಒದಗುತ್ತದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಸಾಕು.

1. ಜಾಗ ಮತ್ತು ಕಾಲ

ನಮ್ಮ ಕಡೆ ಅಕ್ಟೋಬರಿನಿಂದ ಜನವರಿವರೆಗೆ ನೋಡಲು ಸರಿಯಾದ ಸಮಯ. ಮಳೆ ನಿಂತಿರುತ್ತದೆ, ನೀರು ತಿಳಿಯಾಗಿರುತ್ತದೆ, ಹುಳಗಳೂ ಬೆಳೆದಿರುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅರ್ಧ ಹೊಂಡ ಒಣಗಿರುತ್ತದೆ. ನೀರು ಉಳಿದ ಕಡೆ ಹುಳಗಳೆಲ್ಲ ಒಟ್ಟಿಗೆ ಸೇರಿರುತ್ತವೆ. ಆಗ ಕೆಲವರು ‘ಈ ವರ್ಷ ಹುಳ ಜಾಸ್ತಿ ಆಗಿವೆ’ ಅನ್ನುತ್ತಾರೆ. ಹುಳ ಜಾಸ್ತಿ ಆಗಿರುವುದಿಲ್ಲ, ನೀರು ಕಡಿಮೆ ಆಗಿರುತ್ತದೆ.

ಕೃಷಿ ಹೊಂಡ, ಸಿಮೆಂಟಿನ ನೀರಿನ ಟಾಕಿ, ದನ ಕುಡಿಯುವ ತೊಟ್ಟಿ, ಮಳೆನೀರು ನಿಂತ ತಗ್ಗು, ಇವೆಲ್ಲ ಒಳ್ಳೆಯ ಜಾಗಗಳೇ. ಕಲಬುರಗಿಯ ಅಪ್ಪನ ಕೆರೆಯಂಥ ದೊಡ್ಡ ನೀರಿನಲ್ಲಿ ದಡದ ಹುಲ್ಲಿನ ಬುಡದಲ್ಲಿ ನೋಡಿ. ನಡುನೀರಲ್ಲಿ ಮೀನು ಇವನ್ನು ಬಿಡುವುದಿಲ್ಲ.

ಈಗ ಎಚ್ಚರಿಕೆ. ಪ್ಲಾಸ್ಟಿಕ್ ಶೀಟು ಹಾಸಿದ ಕೃಷಿ ಹೊಂಡದ ಇಳಿಜಾರು ತುಂಬಾ ಜಾರುತ್ತದೆ. ಈಜು ಬಲ್ಲವರೂ ಮೇಲೆ ಹತ್ತಲಾರದೆ ಜೀವ ಕಳೆದುಕೊಂಡಿದ್ದಾರೆ. ಒಬ್ಬರೇ ಹೋಗಬೇಡಿ. ಅಂಚಿನಿಂದ ಒಂದು ಹೆಜ್ಜೆ ಹಿಂದೆ ಕೂತು ಕೋಲಿನ ಜಾಳಿಗೆ ಚಾಚಿ. ಹೊಂಡದ ಮೂಲೆಯಲ್ಲಿ ಗಂಟು ಹಾಕಿದ ಹಗ್ಗ ಕಟ್ಟಿರುವುದು ಯಾವತ್ತಿಗೂ ಒಳ್ಳೆಯದು. ಶಹಾಬಾದ್, ಚಿತ್ತಾಪುರ ಕಡೆಯ ಹಳೆ ಪರಸಿ ಕಲ್ಲಿನ ಗಣಿಗಳಲ್ಲಿ ನೀರು ತಿಳಿಯಾಗಿ ಆಸೆ ಹುಟ್ಟಿಸುತ್ತದೆ. ಅವುಗಳ ಗೋಡೆ ನೆಟ್ಟಗೆ ಕಡಿದಂತಿರುತ್ತದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಬೀದರಿನ ನೌಬಾದ್ ಸುರಂಗ ಬಾವಿ ಬಹಮನಿ ಕಾಲದ್ದು, ಜಾಳಿಗೆ ಹಾಕುವ ಜಾಗ ಅಲ್ಲ. ಬೋನಾಳ ಕೆರೆಯಂಥ ಹಕ್ಕಿಗಳ ತಾಣದಲ್ಲಿ, ಚಿಂಚೋಳಿ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯಬಾರದು.

2. ಹಿಡಿಯುವುದು

ಜಾಳಿಗೆಯನ್ನು ನೀರೊಳಗೆ ನಿಧಾನ ಇಳಿಸಿ, ಒಂದೇ ಸಲ ಮೇಲೆತ್ತಿ. ಹುಳ ಸಿಕ್ಕರೆ ಬೇಸನ್ನಿನಲ್ಲಿ ಮೊದಲೇ ತುಂಬಿದ ಅದೇ ಹೊಂಡದ ನೀರಿಗೆ ಜಾಳಿಗೆ ಬೋರಲು ಹಾಕಿ. ಕೈಯಿಂದ ಹೆಕ್ಕಬೇಡಿ. ಯಾವ ಹುಳ ಅಂತ ಇನ್ನೂ ಗೊತ್ತಾಗಿಲ್ಲ ಅಲ್ವಾ?

ಬೆನ್ನೀಜು ಹುಳ ಚುಚ್ಚಿದರೆ ಜೇನು ಕಡಿದಷ್ಟೇ ಉರಿಯುತ್ತದೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಸಾಬೂನು ಹಚ್ಚಿ ತೊಳೆದು ತಣ್ಣೀರ ಬಟ್ಟೆ ಇಡಿ. ಊತ ಹರಡಿದರೆ, ಉಸಿರಾಟಕ್ಕೆ ತೊಂದರೆ ಆದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ನಾಲ್ಕೈದು ಹುಳ ಸಾಕು, ಬಕೆಟ್ ತುಂಬ ಬೇಡ. ಬೆನ್ನೀಜು ಹುಳಗಳನ್ನು ಕಿಕ್ಕಿರಿಸಿ ಇಟ್ಟರೆ ಒಂದನ್ನೊಂದು ತಿನ್ನುತ್ತವೆ. ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ. ಎರಡಕ್ಕೂ ರೆಕ್ಕೆ ಇದೆ, ಹಾರಿಹೋಗುತ್ತವೆ. ಬಾಟಲಿಯನ್ನು ಬಿಸಿಲಲ್ಲಿ ಇಡಬೇಡಿ. ನಮ್ಮ ಬಿಸಿಲಿಗೆ ಒಂದು ಲೀಟರ್ ನೀರು ಬೇಗ ಕಾಯುತ್ತದೆ.

3. ಬಾಟಲಿಯಲ್ಲಿ, ಪಕ್ಕದಿಂದ ನೋಡುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಮೇಲಿಂದ ತೆಗೆದ ಫೋಟೊದಲ್ಲಿ ಗೊತ್ತಾಗದೇ ಇರುವುದು ಪಕ್ಕದಿಂದ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಬಾಟಲಿಯಲ್ಲಿ ನಾಲ್ಕು ಬೆರಳು ಎತ್ತರಕ್ಕೆ ನೀರಿರಲಿ. ಎರಡು ಸಣ್ಣ ಕಲ್ಲು, ಒಂದು ಹುಲ್ಲುಕಡ್ಡಿ ಹಾಕಿ. ಹುಳ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಬಿಟ್ಟ ತಕ್ಷಣ ಎರಡೂ ಗಾಬರಿಯಿಂದ ಓಡಾಡುತ್ತವೆ, ಆಗ ನೋಡಿದ್ದು ಲೆಕ್ಕಕ್ಕಿಲ್ಲ.

ಮೊದಲು ಯಾವ ಮಗ್ಗಲು ಮೇಲಿದೆ ನೋಡಿ. ಬೆನ್ನೀಜು ಹುಳ ಹೊಟ್ಟೆ ಮೇಲೆ, ಬೆನ್ನು ಕೆಳಗೆ ಮಾಡಿ ಈಜುತ್ತದೆ. ಬದುಕೆಲ್ಲ ಹಾಗೇ. ದೋಣಿ ಹುಳ ಬೆನ್ನು ಮೇಲೆ ಮಾಡಿಯೇ ಈಜುತ್ತದೆ.

ಎಲ್ಲರಿಗೂ ಗೊತ್ತಿರುವ ಗುರುತು ಇದೇ. ಎಲ್ಲರೂ ಎಡವುವುದೂ ಇಲ್ಲೇ. ಸಾಯುತ್ತಿರುವ ದೋಣಿ ಹುಳವೂ ಅಂಗಾತ ತೇಲುತ್ತದೆ. ಬೆನ್ನೀಜು ಹುಳವನ್ನು ನೀರಿಲ್ಲದ ತಟ್ಟೆಗೆ ಹಾಕಿದರೆ ಅದು ಮಗುಚಿ ಬೆನ್ನು ಮೇಲೆ ಮಾಡಿಕೊಂಡು ಕುಪ್ಪಳಿಸುತ್ತದೆ. ಆದ್ದರಿಂದ ನೀರಿಲ್ಲದ ತಟ್ಟೆಯಲ್ಲಿ ಈ ಗುರುತು ನೋಡಬೇಡಿ. ಟಾರ್ಚ್ ಬೇಕಾದರೆ ಮೇಲಿಂದ ಹಿಡಿಯಿರಿ, ಬಾಟಲಿಯ ಅಡಿಯಿಂದ ಬೇಡ. ಬೆಳಕು ಬರುವ ದಿಕ್ಕು ನೋಡಿಯೂ ಈ ಹುಳಗಳು ಮೈ ಹೊಂದಿಸಿಕೊಳ್ಳುತ್ತವೆ.

ಆಮೇಲೆ ಉಸಿರಾಟ. ಎರಡಕ್ಕೂ ಮೀನಿನ ಹಾಗೆ ಕಿವಿರಿಲ್ಲ. ಮೇಲೆ ಬಂದು ಗಾಳಿ ತುಂಬಿಕೊಂಡು ಹೋಗಬೇಕು. ಬೆನ್ನೀಜು ಹುಳ ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗೆ ಮಾಡಿ, ಓರೆಯಾಗಿ ನೇತಾಡುತ್ತದೆ. ಹಿಂದಿನ ಉದ್ದ ಕಾಲುಗಳು ಎರಡೂ ಬದಿಗೆ ಚಾಚಿರುತ್ತವೆ. ಹಾಗೇ ಕಾದು ಕೂರುತ್ತದೆ. ಯಾವುದಾದರೂ ಹುಳ ನೀರಿಗೆ ಬಿದ್ದು ಒದ್ದಾಡಿದರೆ, ಆ ಅಲುಗಾಟ ತಿಳಿದು ಅತ್ತ ನುಗ್ಗುತ್ತದೆ. ದೋಣಿ ಹುಳ ಹೀಗೆ ನೇತಾಡುವುದಿಲ್ಲ. ತಲೆ, ಹೆಗಲಿನ ಭಾಗವನ್ನು ಕ್ಷಣ ಹೊತ್ತು ಮೇಲ್ಮೈಗೆ ತಾಗಿಸಿ, ಗಾಳಿ ಹಿಡಿದು, ಸರ್ರನೆ ತಳಕ್ಕೆ ಇಳಿಯುತ್ತದೆ.

ಎಲ್ಲಿ ತಂಗುತ್ತದೆ ಎಂಬುದು ಮೂರನೆಯದು. ದೋಣಿ ಹುಳದ ಮೈಗೆ ಗಾಳಿ ಅಂಟಿರುವುದರಿಂದ ಅದು ನೀರಿಗಿಂತ ಹಗುರ. ತಳದಲ್ಲಿ ಇರಬೇಕಾದರೆ ನಡುಗಾಲುಗಳ ಉದ್ದ ಉಗುರಿನಿಂದ ಕಲ್ಲನ್ನೋ ಕಡ್ಡಿಯನ್ನೋ ಹಿಡಿದುಕೊಳ್ಳಬೇಕು. ಹಿಡಿತ ಬಿಟ್ಟರೆ ಮೇಲೆ ತೇಲಿಬರುತ್ತದೆ. ನೀವು ಹಾಕಿದ ಕಲ್ಲು ಈಗ ಕೆಲಸಕ್ಕೆ ಬಂತು ನೋಡಿ.

ಬೆನ್ನೀಜು ಹುಳಗಳಲ್ಲಿ ಅನಿಸಾಪ್ಸ್ ಎಂಬ ಕುಲ ಇದೆ. ಕುಲ ಅಂದರೆ ಹತ್ತಿರದ ನಂಟಿನ ಜಾತಿಗಳ ಗುಂಪು. ಭಾರತದ ಹೊಂಡ, ಕೆರೆಗಳಲ್ಲಿ ಇದು ಸಾಮಾನ್ಯ. ಇದು ಏನನ್ನೂ ಹಿಡಿಯದೆ ನಡುನೀರಿನಲ್ಲಿ ನಿಂತಲ್ಲೇ ನಿಲ್ಲಬಲ್ಲದು. ಇದರ ಹೊಟ್ಟೆಯ ಭಾಗದಲ್ಲಿ ಹಿಮೋಗ್ಲೋಬಿನ್ ಇದೆ, ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನಂಥದ್ದೇ. ಅದು ಆಮ್ಲಜನಕ ಹಿಡಿದಿಟ್ಟುಕೊಂಡು ಬೇಕಾದಷ್ಟೇ ಬಿಡುವುದರಿಂದ ಹುಳದ ಗಾಳಿಗುಳ್ಳೆ ಒಂದೇ ಗಾತ್ರದಲ್ಲಿ ಉಳಿಯುತ್ತದೆ. ಹುಳ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. ಕೀಟಗಳಲ್ಲಿ ಹಿಮೋಗ್ಲೋಬಿನ್ ಇಟ್ಟುಕೊಂಡವು ಬಹಳ ಕಡಿಮೆ. ನಿಮ್ಮ ಬಾಟಲಿಯಲ್ಲಿ ಬಿಳಿಚಿದ, ಅರೆಪಾರದರ್ಶಕ ಹುಳವೊಂದು ನಡುನೀರಲ್ಲಿ ಅಂಗಾತ ನಿಂತಿದ್ದರೆ ಅದು ಬಹುಶಃ ಇದೇ.

ಮೈ ಬೆಳ್ಳಿಯಂತೆ ಹೊಳೆಯುವುದನ್ನು ಗುರುತು ಅಂತ ಹಿಡಿಯಬೇಡಿ. ಅದು ಗಾಳಿಯ ಪದರ, ಎರಡರಲ್ಲೂ ಹೊಳೆಯುತ್ತದೆ.

4. ಬೆನ್ನು

ಒಂದು ಹುಳವನ್ನು ಚಮಚೆಯಲ್ಲಿ ತುಸು ನೀರಿನೊಂದಿಗೆ ಎತ್ತಿ ಗ್ರಾಫ್ ಹಾಳೆಯ ಮೇಲಿಟ್ಟ ಪಾರದರ್ಶಕ ಡಬ್ಬಿ ಮುಚ್ಚಳಕ್ಕೆ ಹಾಕಿ.

ದೋಣಿ ಹುಳದ ಬೆನ್ನು ಚಪ್ಪಟೆ. ಕಂದು ಬಣ್ಣ, ಅದರ ಮೇಲೆ ಅಡ್ಡಡ್ಡ ತೆಳು ಕಪ್ಪು ಗೆರೆಗಳು. ಬೆನ್ನೀಜು ಹುಳದ ಬೆನ್ನು ಉಬ್ಬಿರುತ್ತದೆ, ನಡುವೆ ಏಣು ಎದ್ದಿರುತ್ತದೆ. ಬಣ್ಣದಲ್ಲಿ ಹೊಟ್ಟೆಗಿಂತ ಬೆನ್ನೇ ತಿಳಿ. ಹೆಚ್ಚಿನ ನೀರಿನ ಪ್ರಾಣಿಗಳಲ್ಲಿ ಇದು ತಿರುಗಾಮುರುಗಾ. ಅಂಗಾತ ಈಜುವವರಿಗೆ ಅದೇ ಸರಿ, ಕೆಳಗಿಂದ ನೋಡುವ ಮೀನಿಗೆ ತಿಳಿ ಬೆನ್ನು ಆಕಾಶದ ಬೆಳಕಿನಲ್ಲಿ ಕರಗಿಹೋಗುತ್ತದೆ. ಕಣ್ಣುಗಳು ದೊಡ್ಡವು. ಅನಿಸಾಪ್ಸ್‌ನಲ್ಲಂತೂ ತಲೆಯೆಲ್ಲ ಕಣ್ಣೇ.

ರೆಕ್ಕೆಗಳು ಶುರುವಾಗುವಲ್ಲಿ, ನಡುವೆ, ಒಂದು ತ್ರಿಕೋನ ಇದೆಯಾ ನೋಡಿ. ಇದನ್ನು ಸ್ಕುಟೆಲಮ್ ಅನ್ನುತ್ತಾರೆ. ಬೆನ್ನೀಜು ಹುಳದಲ್ಲಿ ಎದ್ದು ಕಾಣುತ್ತದೆ. ದೊಡ್ಡ ದೋಣಿ ಹುಳಗಳಲ್ಲಿ ಮುಚ್ಚಿಹೋಗಿರುತ್ತದೆ. ಪುಟ್ಟ ದೋಣಿ ಹುಳ ಮೈಕ್ರೊನೆಕ್ಟಾದಲ್ಲಿ ಮಾತ್ರ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ತ್ರಿಕೋನ ಕಂಡಿತು ಅಂತ ಅಷ್ಟಕ್ಕೇ ‘ಕಚ್ಚುವ ಹುಳ’ ಅಂದುಬಿಡಬೇಡಿ.

5. ಮುಂಗಾಲು ಮತ್ತು ಬಾಯಿ

ಸಂಶಯ ಉಳಿದರೆ ಇಲ್ಲಿ ಪರಿಹಾರ ಆಗುತ್ತದೆ. ಭೂತಗನ್ನಡಿ ಬೇಕು.

ಹಿಂಗಾಲು ಎರಡರಲ್ಲೂ ಒಂದೇ ಥರ, ಉದ್ದ, ಅಂಚಿಗೆ ಸಾಲು ಕೂದಲು. ಅದನ್ನು ನೋಡಿ ಪ್ರಯೋಜನವಿಲ್ಲ. ಮುಂಗಾಲು ನೋಡಿ. ದೋಣಿ ಹುಳದ ಮುಂಗಾಲು ಬಹಳ ಗಿಡ್ಡ, ತುದಿ ಚಮಚೆಯಂತೆ ಅಗಲ, ಅಂಚಿಗೆ ಬಿರುಗೂದಲು. ಇದಕ್ಕೆ ಪಾಲಾ ಎಂಬ ಹೆಸರಿದೆ. ತಳದ ಕೆಸರು, ಪಾಚಿಯನ್ನು ಬಾಯಿಗೆ ಗೋರಿಕೊಳ್ಳುವುದು ಇದರಿಂದಲೇ. ಬೆನ್ನೀಜು ಹುಳದ ಮುಂಗಾಲು ಮಾಮೂಲಿ ಕಾಲಿನಂತೆ ಸಪೂರ, ತುದಿಗೆ ಉಗುರು. ಬೇಟೆಯನ್ನು ಅಪ್ಪಿ ಹಿಡಿಯಲು ಅದು.

ಬಾಯಿ ಕಾಣಬೇಕಾದರೆ ಹುಳವನ್ನು ಪಕ್ಕದಿಂದ ನೋಡಬೇಕು. ಬೆನ್ನೀಜು ಹುಳಕ್ಕೆ ಗಂಟು ಗಂಟಾದ ಚೂಪು ಕೊಕ್ಕು ಇದೆ, ತಲೆಯ ಕೆಳಗೆ ಮಡಚಿಕೊಂಡಿರುತ್ತದೆ. ಇದರಿಂದ ಚುಚ್ಚಿ, ಬೇಟೆಯೊಳಗೆ ಜೊಲ್ಲು ಬಿಟ್ಟು, ಕರಗಿದ್ದನ್ನು ಹೀರುತ್ತದೆ. ದೋಣಿ ಹುಳದ ಮುಖದಲ್ಲಿ ಕೊಕ್ಕೇ ಇಲ್ಲವೇನೋ ಅನ್ನಿಸುತ್ತದೆ. ಇದೆ, ಆದರೆ ಗಿಡ್ಡ, ಅಗಲ, ಮೊಂಡು ತ್ರಿಕೋನ. ಕೊಕ್ಕಿರುವ ಕೀಟಗಳ ಹೆಮಿಪ್ಟೆರಾ ಎಂಬ ಒಂದೇ ಗಣಕ್ಕೆ ಎರಡೂ ಸೇರುತ್ತವೆ. ನಿಮ್ಮ ತೊಗರಿ ಹೊಲದಲ್ಲಿ ಕಾಯಿಯ ರಸ ಹೀರುವ ತಿಗಣೆಗಳೂ ಇದೇ ಗಣದವು.

6. ಗಾತ್ರ, ಮರಿ, ಬೇರೆ ಹುಳಗಳು

ಅನಿಸಾಪ್ಸ್ ಸಾಮಾನ್ಯವಾಗಿ 5ರಿಂದ 10 ಮಿ.ಮೀ. ಉದ್ದ. ದೋಣಿ ಹುಳಗಳಲ್ಲಿ ಅಷ್ಟೇ ಉದ್ದದವೂ ಇವೆ. ಆದರೆ ಮೈಕ್ರೊನೆಕ್ಟಾ 2–3 ಮಿ.ಮೀ. ಮಾತ್ರ. ಗಾತ್ರವನ್ನು ಬರೆದಿಡಿ, ಅದರ ಮೇಲೆ ತೀರ್ಪು ಬೇಡ. ಎರಡೂ ಹುಳಗಳ ಮರಿಗಳು ದೊಡ್ಡವರಂತೆಯೇ ಕಾಣುತ್ತವೆ, ರೆಕ್ಕೆ ಮಾತ್ರ ಪೂರ್ತಿ ಬೆಳೆದಿರುವುದಿಲ್ಲ. ಐದು ಸಲ ಪೊರೆ ಬಿಟ್ಟ ಮೇಲೆ ರೆಕ್ಕೆ ಬರುತ್ತದೆ. ನಡುವೆ ಕೋಶದ ಹಂತ ಇಲ್ಲ.

ಮೈಕ್ರೊನೆಕ್ಟಾದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಯುರೋಪಿನ ಮೈಕ್ರೊನೆಕ್ಟಾ ಶೋಲ್ಟ್ಸಿ ಎಂಬ 2 ಮಿ.ಮೀ. ಹುಳದ ಗಂಡು, ಹೆಣ್ಣನ್ನು ಕರೆಯಲು ಹೊಟ್ಟೆಯ ತುದಿಯ ಅಂಗಗಳನ್ನು ಉಜ್ಜಿ ಶಬ್ದ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಅಳತೆಯಲ್ಲಿ ಅದು 99.2 ಡೆಸಿಬೆಲ್‌ವರೆಗೆ ಮುಟ್ಟಿತ್ತು. ಮೈಯ ಗಾತ್ರಕ್ಕೆ ಹೋಲಿಸಿದರೆ ಪ್ರಾಣಿಗಳಲ್ಲೇ ಅತಿ ಜೋರಿನ ಕೂಗು ಇದು ಎಂದು ಆ ವಿಜ್ಞಾನಿಗಳು ಹೇಳಿದರು. ನೀರೊಳಗಿನ ಶಬ್ದ ಹೊರಗೆ ಬರುವಷ್ಟರಲ್ಲಿ ಬಹುಪಾಲು ಸೋರಿಹೋಗುತ್ತದೆ, ಅದಕ್ಕೇ ದಡದಲ್ಲಿ ಕೂತವರಿಗೆ ತೊಂದರೆ ಇಲ್ಲ.

ಇನ್ನು ಗೊಂದಲ ಮಾಡುವ ಮೂರನೆಯವರು. ಅಂಗಾತ ಈಜುವ, 2–3 ಮಿ.ಮೀ.ನ, ಗುಂಡಗಿನ ಹುಳ ಸಿಕ್ಕರೆ ಅದು ಪ್ಲೀಡೆ ಕುಟುಂಬದ ಕುಬ್ಜ ಬೆನ್ನೀಜು ಹುಳ ಇರಬಹುದು. ಅದರ ಹಿಂಗಾಲು ಹುಟ್ಟಿನಂತೆ ಉದ್ದ ಇರುವುದಿಲ್ಲ. ನೀರಿನ ಜೀರುಂಡೆಯೂ ಕಾಲು ಬೀಸಿ ಈಜುತ್ತದೆ. ಅದರ ಬೆನ್ನಿನ ಮೇಲೆ ಗಟ್ಟಿ ಚಿಪ್ಪುಗಳೆರಡು ನಡುವೆ ನೇರ ಗೆರೆಯಲ್ಲಿ ಸೇರುತ್ತವೆ. ನಮ್ಮ ಎರಡು ಹುಳಗಳ ರೆಕ್ಕೆ ಒಂದರ ಮೇಲೊಂದು ಹಾದಿರುತ್ತದೆ. ನೀರಿನ ಮೇಲೆ ನಿಂತು ಓಡುವ ಉದ್ದ ಕಾಲಿನ ಹುಳ ಬೇರೆಯೇ ಕುಟುಂಬ, ಅದು ನೀರೊಳಗೆ ಇಳಿಯುವುದಿಲ್ಲ.

7. ಫೋಟೊ ಮತ್ತು ದಾಖಲೆ

ಮೂರು ಫೋಟೊ ತೆಗೆಯಿರಿ: ಬಾಟಲಿಯ ಪಕ್ಕದಿಂದ ಈಜುವ ಭಂಗಿ, ಮೇಲಿಂದ ಬೆನ್ನು, ಕೆಳಗಿಂದ ಮುಂಗಾಲು ಮತ್ತು ಬಾಯಿ. ಗ್ರಾಫ್ ಚೌಕ ಫೋಟೊದಲ್ಲಿ ಬರಲಿ. ಊರು, ದಿನಾಂಕ, ನೀರಿನ ಬಗೆ ಬರೆಯಿರಿ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಬಲ್ಲವರು ನೋಡಿ ಹೇಳುತ್ತಾರೆ. ಕುಟುಂಬ ಅಥವಾ ಕುಲದವರೆಗೆ ಬಂದರೆ ತೃಪ್ತಿಪಡಿ. ಅನಿಸಾಪ್ಸ್‌ನಲ್ಲಿ ಜಾತಿ ಬೇರ್ಪಡಿಸಲು ಗಂಡಿನ ಮುಂಗಾಲು, ತಲೆಯ ಸೂಕ್ಷ್ಮ ರಚನೆಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಬೇಕು. ಮೊಬೈಲಿನಿಂದ ಆಗದು.

ಇಂಟರ್‌ನೆಟ್‌ನಲ್ಲಿ ಹೋಲಿಸಿ ನೋಡುವಾಗ ಹುಷಾರು. ಬ್ರಿಟನ್ನಿನಲ್ಲಿ ಬೆನ್ನೀಜು ಹುಳವನ್ನೂ ವಾಟರ್ ಬೋಟ್‌ಮನ್ ಎಂದೇ ಕರೆಯುವ ರೂಢಿ ಇದೆ. ನೊಟೊನೆಕ್ಟಿಡೆ ಅಂದರೆ ಬೆನ್ನೀಜು ಹುಳ, ಕೊರಿಕ್ಸಿಡೆ ಅಂದರೆ ದೋಣಿ ಹುಳ. ಮೈಕ್ರೊನೆಕ್ಟಾವನ್ನು ಈಗ ಹಲವರು ಮೈಕ್ರೊನೆಕ್ಟಿಡೆ ಎಂಬ ಬೇರೆ ಕುಟುಂಬವಾಗಿ ನೋಡುತ್ತಾರೆ. ಕುಟುಂಬದ ಹೆಸರಿನಲ್ಲೇ ಹುಡುಕಿ. ನೋಡಿ ಮುಗಿದ ಮೇಲೆ ಹುಳಗಳನ್ನು ತಂದ ನೀರಿಗೇ ಬಿಡಿ.

8. ಗೊತ್ತಾಯಿತು, ಈಗೇನು ಮಾಡಬೇಕು?

ಹೊಸ ಹೊಂಡಕ್ಕೆ ಇವು ಎಲ್ಲಿಂದ ಬಂದವು ಅಂತ ಬಹಳ ಜನ ಕೇಳುತ್ತಾರೆ. ಹಾರಿ ಬಂದವು. ನೀರಿನ ಹೊಳಪು ನೋಡಿ ಇಳಿಯುತ್ತವೆ. ಕಪ್ಪು ಪ್ಲಾಸ್ಟಿಕ್ ಶೀಟು, ಕಾರಿನ ಬಾನೆಟ್ಟು ಕೂಡ ಅದೇ ರೀತಿ ಬೆಳಕು ಎಸೆಯುವುದರಿಂದ ಅವುಗಳ ಮೇಲೂ ಬೀಳುತ್ತವೆ. ರಾತ್ರಿ ದೀಪಕ್ಕೂ ಬರುತ್ತವೆ. ಮನೆಯ ಟಾಕಿಗೆ ಬೀಳುತ್ತಿದ್ದರೆ ಮುಚ್ಚಳ ಹಾಕಿ, ಹತ್ತಿರದ ಬಲ್ಬ್ ಆರಿಸಿ. ಈ ಹುಳಗಳಿವೆ ಅಂತ ಮಾತ್ರಕ್ಕೆ ದನಗಳಿಗೆ ನೀರು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಬೆನ್ನೀಜು ಹುಳ ಸೊಳ್ಳೆ ಮರಿಗಳನ್ನು ಚೆನ್ನಾಗಿ ತಿನ್ನುತ್ತದೆ. ಅದನ್ನು ಕೊಂದರೆ ಸೊಳ್ಳೆಗೆ ಅನುಕೂಲ. ಹಾಗಂತ ಮನೆಯ ಡ್ರಮ್ಮಿಗೆ ತಂದು ಬಿಟ್ಟು ಡೆಂಗ್ಯೂ ಚಿಂತೆ ಬಿಡುವಂತಿಲ್ಲ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ತಿಕ್ಕಿ ಒಣಗಿಸುವುದಕ್ಕೆ ಬದಲಿ ಇಲ್ಲ. ಹೊಂಡಕ್ಕೆ ಕೀಟನಾಶಕ ಸುರಿದರೆ ಅದೇ ನೀರು ದನದ ಹೊಟ್ಟೆಗೆ, ಹೊಲಕ್ಕೆ ಹೋಗುತ್ತದೆ, ಮೀನಿದ್ದರೆ ಅವೂ ಸಾಯುತ್ತವೆ. ನನ್ನ ಕೇಳಿದರೆ, ಕಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ಹೀಗೆ ಮಾಡುವುದು ಮೂರ್ಖತನ. ಕೈ ಹಾಕದಿದ್ದರೆ ಅದು ನಿಮ್ಮ ತಂಟೆಗೆ ಬರುವುದಿಲ್ಲ.

ಬೇರೆ ಅಂದೆನಲ್ಲ, ಆ ಸಂದರ್ಭ ಮೀನು ಸಾಕುವವರದ್ದು. ಅದೂ ಕಾಟ್ಲಾ, ರೋಹು ಮೊಟ್ಟೆಯೊಡೆದು ಬಂದ 6–8 ಮಿ.ಮೀ. ಮರಿಗಳನ್ನು ಬೆಳೆಸುವ ನರ್ಸರಿ ಕೊಳದಲ್ಲಿ. ಇಷ್ಟು ಸಣ್ಣ ಮರಿಗಳನ್ನು ಬೆನ್ನೀಜು ಹುಳ ಚುಚ್ಚಿ ಹೀರಿಬಿಡುತ್ತದೆ. ಇದಕ್ಕೆ ಮೀನು ಕೃಷಿಯಲ್ಲಿ ರೂಢಿಯಲ್ಲಿರುವ ಉಪಾಯ ಎಣ್ಣೆ–ಸಾಬೂನು ಮಿಶ್ರಣ, ಕೀಟನಾಶಕ ಅಲ್ಲ. ಹೆಕ್ಟೇರಿಗೆ 56 ಕೆ.ಜಿ. ಅಗ್ಗದ ಸಸ್ಯದ ಎಣ್ಣೆ, 18 ಕೆ.ಜಿ. ಸಾಬೂನು. 10 ಮೀಟರ್ ಉದ್ದ, 10 ಮೀಟರ್ ಅಗಲದ ಕೊಳಕ್ಕೆ ಲೆಕ್ಕ ಹಾಕಿದರೆ 560 ಗ್ರಾಂ ಎಣ್ಣೆ, 180 ಗ್ರಾಂ ಸಾಬೂನು. ಸಾಬೂನು ನೀರಲ್ಲಿ ಕರಗಿಸಿ, ಎಣ್ಣೆ ಬೆರೆಸಿ, ಮರಿ ಬಿಡುವ 12ರಿಂದ 24 ಗಂಟೆ ಮೊದಲು ಮೇಲ್ಮೈಗೆ ಚಿಮುಕಿಸಬೇಕು. ನೀರಿನ ಮೇಲೆ ತೆಳು ಪೊರೆ ಕಟ್ಟಿ, ಗಾಳಿಗೆ ಬರುವ ಹುಳಗಳು ಉಸಿರುಗಟ್ಟಿ ಸಾಯುತ್ತವೆ. ದೋಣಿ ಹುಳವೂ ಸಾಯುತ್ತದೆ, ಅದನ್ನು ತಪ್ಪಿಸಲಾಗದು. ಗಾಳಿ ಬೀಸುವ ದಿನ ಮಾಡಬೇಡಿ, ಪೊರೆ ಒಂದು ಮೂಲೆಗೆ ಸರಿದು ಎಣ್ಣೆಯೂ ದುಡ್ಡೂ ದಂಡ. ಬೆರಳುದ್ದದ ಮರಿ ತಂದು ಕೃಷಿ ಹೊಂಡಕ್ಕೆ ಬಿಡುವವರಿಗೆ ಇದ್ಯಾವುದೂ ಬೇಕಾಗಿಲ್ಲ. ಅಷ್ಟು ಬೆಳೆದ ಮೀನು ತಾನೇ ಈ ಹುಳಗಳನ್ನು ತಿನ್ನುತ್ತದೆ.